ಅಪ್ರಿಯವಚನ ಮತ್ತು ವ್ಯಂಗ್ಯಚಿತ್ರ

ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಪ್ರಿಯವಚನವನ್ನೂ ಅಸತ್ಯದ ಸಾಲಿಗೆ ಸೇರಿಸಿದ್ದಾರೆ. ಪರರಲ್ಲಿ ಭಯ, ಖೇದ, ವೈರ, ಕಲಹಗಳನ್ನು ಹುಟ್ಟಿಸುವ ಮಾತು ಶ್ರಾವಕನಿಗೆ ತ್ಯಾಜ್ಯ. ಹಾಗಾದರೆ ಅಧಿಕಾರಸ್ಥರ ದೋಷವನ್ನು ಗೆರೆಗಳಲ್ಲಿ ಬಯಲಿಗೆಳೆಯುವ ವ್ಯಂಗ್ಯಚಿತ್ರಕಾರನ ಗತಿಯೇನು? ‘ವಿಕಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ವಿಕ್ಟರ್ ವೈಸ್ ಅವರ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸುತ್ತದೆ.

ಅವರು 1913ರಲ್ಲಿ ಬರ್ಲಿನ್ನಿನಲ್ಲಿ, ಹಂಗೇರಿ ಮೂಲದ ಯೆಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ತೀರಿಕೊಂಡಾಗ ಇನ್ನೂ ಹದಿಹರೆಯ. ಪತ್ರಿಕೆಗಳಿಗೆ ಚಿತ್ರ ಬರೆದು ಮನೆಗೆ ಆಸರೆಯಾದರು. ಹಿಟ್ಲರನನ್ನು ಅಣಕಿಸಿದ ಆ ಕೈಗೆ ನಾಜಿಗಳ ಆಳ್ವಿಕೆಯಲ್ಲಿ ಉಳಿವಿರಲಿಲ್ಲ. 1935ರಲ್ಲಿ ಇಂಗ್ಲೆಂಡಿಗೆ ಬಂದರು. ಅಲ್ಲಿಯ ಜನ ಯಾವುದಕ್ಕೆ ನಗುತ್ತಾರೆ ಎಂಬುದನ್ನೇ ಮೊದಲಿನಿಂದ ಕಲಿಯಬೇಕಾಯಿತು. 1941ರಿಂದ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯಲ್ಲಿ ನೆಲೆನಿಂತರು. 1953ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೀನ್ಯಾವನ್ನು ಕುರಿತ ಚಿತ್ರವೊಂದನ್ನು ಸಂಪಾದಕರು ನಿರಾಕರಿಸಲು, ಆ ಹುದ್ದೆಯನ್ನೇ ತೊರೆದರು. ಒಮ್ಮೆ ನೆಲೆ ಕಳೆದುಕೊಂಡವರು ಕೈಗೆ ದಕ್ಕಿದ ನೆಲೆಯನ್ನು ತಾವಾಗಿಯೇ ಬಿಡುವುದು ಸಣ್ಣ ಮಾತಲ್ಲ.

1958ರ ನವೆಂಬರಿನಲ್ಲಿ ಅವರು ಪ್ರಧಾನಿ ಮ್ಯಾಕ್ಮಿಲನ್ನರನ್ನು ಆಕಾಶದಲ್ಲಿ ಹಾರುವ ‘ಸೂಪರ್‌ಮ್ಯಾಕ್’ ಆಗಿ ಚಿತ್ರಿಸಿದರು. ಉದ್ದೇಶ ಅಪಹಾಸ್ಯ, ಆದರೆ ಜನ ನಕ್ಕು ಆ ವೃದ್ಧ ವೀರನನ್ನು ಮೆಚ್ಚಿಕೊಂಡುಬಿಟ್ಟರು. 1959ರ ಚುನಾವಣೆಯಲ್ಲಿ ಮ್ಯಾಕ್ಮಿಲನ್ನರೇ ಗೆದ್ದರು. ಹೊರಗಿನ ಫಲವನ್ನೇ ನೋಡಿ ದೋಷಗುಣಗಳನ್ನು ತೂಗುವವರಿಗೆ ಇಲ್ಲಿ ತಕ್ಕಡಿ ಸಿಗದು.

ಆಚಾರ್ಯರು ತೂಗುವುದು ಭಾವವನ್ನು. ಪ್ರಮತ್ತಯೋಗವೇ ಅಸತ್ಯಕ್ಕೆ ಮೂಲವೆಂದು ಹೇಳಿ, ಹೇಯವನ್ನು ಬಿಡಿರೆಂದು ಉಪದೇಶಿಸುವವರ ಮಾತು ಕೇಳುವವರಿಗೆ ಕಹಿಯಾದರೂ ಅಸತ್ಯವಲ್ಲವೆಂದು ಅವರು ಸ್ಪಷ್ಟಪಡಿಸುತ್ತಾರೆ. ವಿಕಿಯವರ ಗೆರೆಯಲ್ಲಿ ಕಷಾಯ ಲೇಶವೂ ಇರಲಿಲ್ಲವೆಂದರೆ ಅತ್ಯುಕ್ತಿಯಾದೀತು. ಮುಖದ ಅಂಗಾಂಗಗಳನ್ನು ಹಿಗ್ಗಿಸಿ ನಗಿಸುವುದರಲ್ಲಿ ಪರಪೀಡೆಯ ಅಂಶ ಇದ್ದೇ ಇದೆ. ಆದರೆ ಅವರು ತಮ್ಮನ್ನೂ ಬಿಡಲಿಲ್ಲ. ಚಿತ್ರದ ಮೂಲೆಯಲ್ಲಿ ಪುಟ್ಟ ಮನುಷ್ಯನಾಗಿ ತಮ್ಮನ್ನೇ ಹಾಸ್ಯಕ್ಕೀಡುಮಾಡಿಕೊಂಡರು. ಹಸಿದವರನ್ನೂ ನಿರಾಶ್ರಿತರನ್ನೂ ಬರೆಯುವಾಗ ಅದೇ ಕೈ ವ್ಯಂಗ್ಯವನ್ನು ಬದಿಗಿಟ್ಟು, ಕಪ್ಪು ದಟ್ಟ ಗೆರೆಗಳಲ್ಲಿ ಅನುಕಂಪವನ್ನಷ್ಟೇ ಮೂಡಿಸಿತು. ಅಣ್ವಸ್ತ್ರಗಳ ವಿರುದ್ಧದ ಚಳವಳಿಗೂ ಆ ಕೈ ದುಡಿಯಿತು.

ಲೋಕದ ನೋವು ಅವರಿಗೆ ನಿದ್ರೆ ಕೊಡಲಿಲ್ಲ. 1966ರ ಫೆಬ್ರವರಿಯಲ್ಲಿ, 52ನೆಯ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಪರರ ದುಃಖಕ್ಕೆ ಅಷ್ಟು ಮಿಡಿದ ಹೃದಯಕ್ಕೆ ತನ್ನ ಮೇಲೆ ಕರುಣೆ ಏಕೆ ಹುಟ್ಟಲಿಲ್ಲವೆಂಬುದಕ್ಕೆ ಅವರ ಚಿತ್ರಗಳಲ್ಲಿ ಉತ್ತರವಿಲ್ಲ.