ನಾಳೆ ಬಾ

ಹಿಂದೆ ಎಷ್ಟೋ ಹಳ್ಳಿಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿಯಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗಲಿ ಎಂಬ ನಂಬಿಕೆ. ಅಂದು ದೆವ್ವಕ್ಕೆ ಹೇಳುತ್ತಿದ್ದ ಮಾತನ್ನು ಇಂದು ಮನುಷ್ಯರಿಗೆ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಪಹಣಿಗೋ, ಪಿಂಚಣಿಗೋ, ಆದಾಯ ಪ್ರಮಾಣಪತ್ರಕ್ಕೋ ಹೋಗಿ ಸಾಲಿನಲ್ಲಿ ನಿಂತಿರುತ್ತೇವೆ. ನಮ್ಮ ಸರದಿ ಬರುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತ ಹುಡುಗ ತಲೆಯೆತ್ತದೆ ಹೇಳುತ್ತಾನೆ: ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.’

ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಎಲ್ಲೋ ದೂರದಲ್ಲಿ ಯಾರೋ ಆ ವೆಬ್‌ಸೈಟನ್ನು ಸುಧಾರಿಸುತ್ತಿರಬಹುದು. ಸುಧಾರಣೆ ಒಳ್ಳೆಯದೇ. ಆದರೆ ಕೂಲಿ ಬಿಟ್ಟು ಬಂದ ತಾಯಿಗೆ ‘ನಾಳೆ’ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು, ಇನ್ನೊಮ್ಮೆ ಬಸ್ಸಿನ ಚಾರ್ಜು ಬಿತ್ತು ಎಂದರ್ಥ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕೆಲಸ ಮುಗಿಸುವವರಿಗೆ ಅದೇ ‘ನಾಳೆ’ ಬರೀ ಒಂದು ಬೇಸರ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಇದು: ಒಳ್ಳೆಯ ಕೆಲಸಕ್ಕಾಗಿಯೇ ಬಾಗಿಲು ಮುಚ್ಚಿದರೂ ಅದರ ಬೆಲೆಯನ್ನು ಯಾರು ತೆರಬೇಕು?

ಇದಕ್ಕೆ ಒಂದು ಉತ್ತರ ನಾರಾಯಣಪೇಟೆ, ಗದ್ವಾಲದ ಮಗ್ಗದ ಮನೆಗಳಲ್ಲಿದೆ. ಒಂದು ಹಾಸು ಮುಗಿಯುತ್ತ ಬಂದಾಗ ನೇಕಾರ ಅದನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಹಣಿಗೆಯಲ್ಲಿ ಸಿಕ್ಕಿಕೊಂಡಿರುವ ಹಳೆಯ ಎಳೆಗಳ ತುದಿಗಳನ್ನು ಹಾಗೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಒಂದು ತಪ್ಪಿದರೂ ಬಟ್ಟೆಯಲ್ಲಿ ಗೆರೆ ಕಾಣುತ್ತದೆ. ಕೆಚ್ಚಿ ಮುಗಿದ ಮೇಲೆ ಮೆಲ್ಲಗೆ ಎಳೆದರೆ ಹಳೆಯ ಎಳೆಯೇ ಹೊಸ ಎಳೆಯ ಕೈಹಿಡಿದು ಹಣಿಗೆಯ ಸಂದಿನಿಂದ ದಾಟಿಸುತ್ತದೆ. ಅಷ್ಟು ಹೊತ್ತು ಲಾಳಿ ನಿಲ್ಲುತ್ತದೆ, ನಿಜ. ಆದರೆ ಮಗ್ಗವನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೂಡಬೇಕಾಗಿಲ್ಲ. ಕಣ್ಣು ಸೋಲುವ ಆ ಕಷ್ಟವೆಲ್ಲ ನೇಕಾರರ ಮನೆಯದು. ಸೀರೆ ಕೊಳ್ಳುವವರಿಗೆ ಅದರ ಸುಳಿವೂ ಇರುವುದಿಲ್ಲ.

ಈಚಿನ ಕಂಪ್ಯೂಟರ್ ಕೆಲಸಗಾರರೂ ಇದೇ ದಾರಿ ಹಿಡಿದಿದ್ದಾರೆ. ಜನ ಬಳಸುತ್ತಿರುವ ವೆಬ್‌ಸೈಟನ್ನು ಹೊಸದಾಗಿ ಮಾಡಬೇಕಾದಾಗ ಹಳೆಯ ಸರ್ವರನ್ನು ನಡೆಯಲು ಬಿಟ್ಟು, ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸುತ್ತಾರೆ. ಹೊಸದನ್ನು ಅದರೊಳಗೆ ಹಾಕಿ ಪರೀಕ್ಷಿಸುತ್ತಾರೆ. ಸರಿಯಿದೆ ಎಂದು ಕಂಡಾಗ ಹೊಸದಾಗಿ ಬರುವ ಸ್ವಲ್ಪ ಜನರನ್ನು ಮಾತ್ರ ಆ ಕಡೆಗೆ ತಿರುಗಿಸುತ್ತಾರೆ. ಹಳೆಯದರಲ್ಲಿ ಅರ್ಜಿ ತುಂಬುತ್ತ ಅರ್ಧಕ್ಕೆ ಬಂದವರು ಅಲ್ಲೇ ಮುಗಿಸಲಿ ಎಂದು ಕಾಯುತ್ತಾರೆ. ದಾಖಲೆಗಳ ವಿಷಯದಲ್ಲಿ ಇನ್ನೂ ಎಚ್ಚರ: ಮೊದಲು ಹೊಸ ಕಲಮು ಸೇರಿಸಿ, ಕೆಲಕಾಲ ಹಳೆಯದರಲ್ಲೂ ಹೊಸದರಲ್ಲೂ ಬರೆದು, ಎರಡೂ ತಾಳೆಯಾದ ಮೇಲೆ ಹಳೆಯದನ್ನು ತೆಗೆಯುತ್ತಾರೆ. ಹೊಸದು ಕೈಕೊಟ್ಟರೆ ಹಿಂದಿರುಗಲು ಹಳೆಯ ದಾರಿ ತೆರೆದೇ ಇರುತ್ತದೆ.

ಇದಕ್ಕೆ ಖರ್ಚು ಹೆಚ್ಚು. ಒಂದರ ಜಾಗದಲ್ಲಿ ಎರಡನ್ನು ನಡೆಸಬೇಕು, ಒಂದೇ ಲೆಕ್ಕವನ್ನು ಎರಡು ಸಲ ಬರೆಯಬೇಕು. ಬಾಗಿಲು ಮುಚ್ಚಿ ಕೆಲಸ ಮಾಡುವುದು ಮಾಡುವವರಿಗೆ ಸುಲಭ, ಹೊರಗೆ ನಿಂತವರಿಗೆ ಕಷ್ಟ. ಬಾಗಿಲು ತೆರೆದಿಟ್ಟು ಮಾಡಿದರೆ ಆ ಕಷ್ಟ ಮಾಡುವವರ ಹೆಗಲಿಗೆ ಬರುತ್ತದೆ. ತಂತ್ರದ ಮಾತಿನಂತೆ ಕಂಡರೂ ಇದು ನೀತಿಯ ಮಾತು ಎಂದು ನಮಗೆ ತೋರುವುದು ಇದಕ್ಕಾಗಿಯೇ.

ನಮ್ಮ ರಾಜ್ಯದ ಭೂದಾಖಲೆಗಳಲ್ಲಿ ಇವೆರಡೂ ಬಗೆಯನ್ನು ನಾವು ಕಂಡೆವು. ನೋಂದಣಿಯೂ ಹೆಸರು ಬದಲಾವಣೆಯೂ ಒಂದೇ ಕಡೆ ಆಗಲಿ ಎಂಬ ಉದ್ದೇಶದಿಂದ ಧರಣಿ ಪೋರ್ಟಲ್ ಸಿದ್ಧವಾದಾಗ, 2020ರ ಸೆಪ್ಟೆಂಬರ್ 8ರಿಂದ ತೆಲಂಗಾಣದಲ್ಲಿ ಜಮೀನು ನೋಂದಣಿಯನ್ನೇ ನಿಲ್ಲಿಸಲಾಯಿತು. ಕೃಷಿ ಜಮೀನಿಗಾಗಿ ಧರಣಿ ಉದ್ಘಾಟನೆಯಾದದ್ದು ಅಕ್ಟೋಬರ್ 29ರಂದು, ಏಳು ವಾರಗಳ ಬಳಿಕ. ಮನೆ, ನಿವೇಶನಗಳವರು ಡಿಸೆಂಬರ್‌ವರೆಗೆ ಕಾದರು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಒಂದು ಎಕರೆ ಮಾರಬೇಕಾದವರಿಗೆ ಏಳು ವಾರ ಎಷ್ಟು ದೀರ್ಘ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2025ರ ಏಪ್ರಿಲ್ 14ರಂದು ಧರಣಿಯ ಸ್ಥಾನಕ್ಕೆ ಭೂ ಭಾರತಿ ಬಂದಾಗ, ಅದನ್ನು ಮೊದಲು ನಾಲ್ಕು ಮಂಡಲಗಳಲ್ಲಿ ಪ್ರಯೋಗಕ್ಕೆ ಇಟ್ಟರು. ಅವುಗಳಲ್ಲಿ ಒಂದು ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು. ಅಧಿಕಾರಿಗಳು ಊರೂರಿಗೆ ಬಂದು ಅರ್ಜಿ ತೆಗೆದುಕೊಂಡರು. ಉಳಿದ ಕಡೆಗೆ ವಿಸ್ತರಿಸಿದ್ದು ಆಮೇಲೆ. ಯಾವ ಸರ್ಕಾರ ಮೇಲು ಎಂಬ ತೀರ್ಪು ಈ ಪುಟದ ಕೆಲಸವಲ್ಲ. ನಾವು ಗಮನಿಸುವುದು ಹೆಜ್ಜೆಯಿಡುವ ಕ್ರಮವನ್ನು ಮಾತ್ರ. ಸ್ವಲ್ಪ ಜಾಗದಲ್ಲಿ ಮೊದಲು ಮಾಡಿ ನೋಡುವವರು ‘ನಮ್ಮ ಹೊಸದರಲ್ಲೂ ತಪ್ಪಿರಬಹುದು’ ಎಂದು ಒಪ್ಪಿಕೊಂಡಂತಾಯಿತು. ಅಲ್ಲಿಯೂ ಒಂದು ಹೊಣೆ ಉಳಿಯುತ್ತದೆ. ತಪ್ಪಾದರೆ ಅದರ ಪೆಟ್ಟು ಮೊದಲು ಬೀಳುವುದು ಮದ್ದೂರಿನಂಥ ಊರಿನ ರೈತನ ಮೇಲೆ. ಎಲ್ಲರ ಪರವಾಗಿ ಮೊದಲು ನೀರಿಗಿಳಿದವರಿಗೆ ವಿಷಯವನ್ನು ಮುಂಚೆಯೇ ತಿಳಿಸಬೇಕು, ಅವರ ದೂರನ್ನು ಮೊದಲು ಕೇಳಬೇಕು.

ಹಾಗಾದರೆ ಯಾವುದನ್ನೂ ಎಂದೂ ನಿಲ್ಲಿಸಲೇಬಾರದೇ? ಹಾಗೆ ಹೇಳಲಾರೆವು. ಶಕ್ತಿನಗರದ ಬಳಿ ರಾಯಚೂರಿಗೂ ನಮಗೂ ನಡುವೆ ಇರುವ ನಿಜಾಮರ ಕಾಲದ ಕೃಷ್ಣಾ ಸೇತುವೆಯನ್ನು ನೆನೆಯಿರಿ. ಅಂಥ ಸೇತುವೆಯ ಮೇಲ್ಮೈ ಕೀಳುವಾಗ ಮೇಲೆ ಲಾರಿ ಓಡಿಸಲಾಗದು. ಓಡಿಸಿದರೆ ಪ್ರಾಣಕ್ಕೇ ಕುತ್ತು. ದಾಖಲೆಗಳ ಪುಟವೂ ಹಾಗೆ. ಒಬ್ಬರ ಜಮೀನನ್ನು ಇನ್ನೊಬ್ಬರ ಹೆಸರಿಗೆ ತೋರಿಸುತ್ತಿದೆ ಎಂದು ಗೊತ್ತಾದ ಮೇಲೂ ‘ನಮ್ಮ ಸೇವೆ ಒಂದು ಗಳಿಗೆಯೂ ನಿಂತಿಲ್ಲ’ ಎಂದು ಹೆಮ್ಮೆಪಡುವುದು ಮೋಸ. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಿದರೆ ಹರಕು ಇನ್ನೂ ದೊಡ್ಡದಾಗುವ ಸಾಮತಿಯನ್ನು ನಾವೆಲ್ಲ ಬಲ್ಲೆವು. ತೇಪೆಗೆ ನಿಲುಕದ ಹರಕೂ ಇರುತ್ತದೆ. ಆಗ ನಿಲ್ಲಿಸುವುದೇ ಪ್ರಾಮಾಣಿಕತೆ. ಆದರೆ ನಿಲ್ಲಿಸುವಾಗಲೂ ಮುಂಚಿತವಾಗಿ ಹೇಳಬೇಕು, ಎಷ್ಟು ದಿನ ಎಂದು ತಿಳಿಸಬೇಕು, ಸುತ್ತಾದರೂ ಸರಿ ಬೇರೊಂದು ದಾರಿ ತೋರಿಸಬೇಕು. ‘ನಾಳೆ ಬಾ’ ಎಂದು ದಿನವೂ ಹೇಳುವ ಬಾಗಿಲಿಗೆ ನಾಳೆ ಎಂಬುದೇ ಇಲ್ಲ.

ಇದನ್ನು ಸರ್ಕಾರಕ್ಕೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಮನೆಗಳನ್ನೂ ಧರ್ಮಕೇಂದ್ರಗಳನ್ನೂ ನೋಡಿಕೊಳ್ಳೋಣ. ತೆಲುಗು, ಕನ್ನಡ ಎರಡೂ ಉಸಿರಾಡುವ ಗಡಿಯ ಊರುಗಳಲ್ಲಿ ಪೂಜೆಯ ಸಮಯ ಬದಲಿಸುತ್ತೇವೆ, ಧರ್ಮೋಪದೇಶದ ಭಾಷೆ ಬದಲಿಸುತ್ತೇವೆ, ಜ್ಞಾನಸ್ನಾನದ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುತ್ತೇವೆ. ಹಾಗೆ ಮಾಡುವಾಗ ಹೊಸ ಸಮಯ ತಿಳಿಯದೆ ಹಳೆಯ ಹೊತ್ತಿಗೇ ಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಅಜ್ಜಿಯನ್ನು ನೆನೆಯುತ್ತೇವೆಯೇ? ಹೊಸ ಭಾಷೆ ಕಿವಿಗೆ ಒಗ್ಗುವ ತನಕ ಹಳೆಯದರಲ್ಲಿ ನಾಲ್ಕು ಮಾತು ಹೇಳುತ್ತೇವೆಯೇ? ಕಂಪ್ಯೂಟರಿನ ಹೆಸರುಗಳನ್ನು ರಿಜಿಸ್ಟರಿನ ಜೊತೆ ಒಂದೊಂದಾಗಿ ತಾಳೆ ನೋಡಿದ್ದೇವೆಯೇ?

ಬದಲಾವಣೆ ಬೇಕು. ಹಳೆಯ ಹಾಸು ಎಂದಾದರೂ ಮುಗಿಯಲೇಬೇಕು. ಆದರೆ ಎಳೆಯಿಂದ ಎಳೆಗೆ ಕೆಚ್ಚುವ ತಾಳ್ಮೆ ಬದಲಾಯಿಸುವವರದಾಗಿರಲಿ, ಬಾಗಿಲಲ್ಲಿ ನಿಂತವರದಲ್ಲ. ಮುಂದಿನ ಸಲ ನಮ್ಮಲ್ಲಿ ಯಾರಾದರೂ ಒಳ್ಳೆಯ ಕಾರಣಕ್ಕಾಗಿಯೇ ‘ನಾಳೆ ಬನ್ನಿ’ ಎನ್ನಲು ಬಾಯಿ ತೆರೆದಾಗ, ಎದುರಿಗಿರುವವರು ಎಷ್ಟು ದೂರದಿಂದ ಬಂದಿದ್ದಾರೆ ಎಂದು ಮೊದಲು ಕೇಳೋಣ.