ತಪ್ಪಿಲ್ಲದೆಡೆ ಹುಟ್ಟುವ ಋಣ

ಕೆಲಸದ ನಡುವೆ ಕಾರ್ಮಿಕನೊಬ್ಬನ ಕೈ ಯಂತ್ರಕ್ಕೆ ಸಿಕ್ಕಿದಾಗ ಎರಡು ಪ್ರಶ್ನೆಗಳು ಏಳುತ್ತವೆ: ತಪ್ಪು ಯಾರದು ಎಂಬುದೊಂದು, ನಷ್ಟದ ಹೊರೆಯನ್ನು ಯಾರು ಹೊರಬೇಕು ಎಂಬುದು ಇನ್ನೊಂದು. ಲೋಕರೂಢಿ ಇವೆರಡನ್ನೂ ಒಂದೇ ಎಂದು ಭಾವಿಸಿ, ತಪ್ಪಿತಸ್ಥ ಸಿಗದಿದ್ದರೆ ನಷ್ಟವು ಗಾಯಗೊಂಡವನ ಪಾಲಿಗೇ ಉಳಿಯಲಿ ಎಂದು ಸುಮ್ಮನಾಗುತ್ತದೆ. 1924ರ ಜುಲೈ 1ರಂದು ಜಾರಿಗೆ ಬಂದ 1923ರ ಕಾರ್ಮಿಕರ ಪರಿಹಾರ ಕಾಯ್ದೆ (2009ರ ತಿದ್ದುಪಡಿಯ ಬಳಿಕ ನೌಕರರ ಪರಿಹಾರ ಕಾಯ್ದೆ) ಇವೆರಡನ್ನೂ ಬೇರ್ಪಡಿಸಿತು. ಅಪಘಾತವು ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಸಂಭವಿಸಿದ್ದರೆ ಸಾಕು, ಮಾಲೀಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾದ ಅಗತ್ಯವಿಲ್ಲ ಎಂಬ ಈ ತತ್ವವನ್ನು ನ್ಯಾಯಶಾಸ್ತ್ರದಲ್ಲಿ ದೋಷರಹಿತ ಹೊಣೆಗಾರಿಕೆ ಎನ್ನುತ್ತಾರೆ. ಆ ಕಾಯ್ದೆಯ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತಳಹದಿಯ ಮೇಲೆ ನಿಂತಿದೆ.

ಈ ತತ್ವ ಸುಲಭವಾಗಿ ಬಂದದ್ದಲ್ಲ. 1837ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಅತಿಭಾರ ಹೇರಿದ ಗಾಡಿ ಮುರಿದು ತೊಡೆಯ ಮೂಳೆ ಮುರಿದುಕೊಂಡ ಮಾಂಸದಂಗಡಿಯ ಆಳಿಗೆ ಪರಿಹಾರ ನಿರಾಕರಿಸಿತು. ಜೊತೆ ಕೆಲಸಗಾರನ ತಪ್ಪಿಗೆ ಧಣಿ ಹೊಣೆಯಲ್ಲ, ಅಪಾಯವನ್ನು ಅರಿತೇ ಕೆಲಸಕ್ಕೆ ಸೇರಿದವನು ಅದನ್ನು ಒಪ್ಪಿಕೊಂಡಂತೆಯೇ ಸರಿ ಎಂಬ ವಾದಗಳು ಮುಂದೆ ದಶಕಗಳ ಕಾಲ ಕಾರ್ಮಿಕರನ್ನು ಬರಿಗೈಯಲ್ಲಿ ಹಿಂದಿರುಗಿಸಿದವು. 1884ರಲ್ಲಿ ಜರ್ಮನಿ, 1897ರಲ್ಲಿ ಬ್ರಿಟನ್ ಬೇರೆ ದಾರಿ ಹಿಡಿದ ಮೇಲೆಯೇ ಭಾರತದ ಕಾಯ್ದೆ ಸಾಧ್ಯವಾಯಿತು.

ತಪ್ಪೇ ಮಾಡದವನು ತೆರಬೇಕೆಂಬುದು ಧರ್ಮಸಮ್ಮತವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಬರುತ್ತದೆ. ಇದಕ್ಕೆ ಉತ್ತರವಾಗಿ ಹಳ್ಳಿಯಲ್ಲೂ ಪಟ್ಟಣದಲ್ಲೂ ಕೇಳಿಬರುವ ಮಾತು "ಅವನ ಹಣೆಬರಹ" ಎಂಬುದು. ಆದರೆ ಕರ್ಮಸಿದ್ಧಾಂತವನ್ನು ಮಾಲೀಕನ ರಕ್ಷಣೆಗೆ ಹೀಗೆ ಬಳಸುವುದು ಆ ಸಿದ್ಧಾಂತಕ್ಕೇ ಮಾಡುವ ಅನ್ಯಾಯ. ವೇದಾಂತಿಗಳು ಕರ್ಮವನ್ನು ಕೂಡಿಟ್ಟ ರಾಶಿಯಾದ ಸಂಚಿತ, ಈಗ ಫಲ ಕೊಡುತ್ತಿರುವ ಪ್ರಾರಬ್ಧ, ಈಗಿನ ಕೃತ್ಯಗಳಿಂದ ಮುಂದಕ್ಕೆ ಕೂಡುವ ಆಗಾಮಿ ಎಂದು ಮೂರಾಗಿ ವಿಂಗಡಿಸುತ್ತಾರೆ. ಕೈ ಕಳೆದುಕೊಂಡವನ ನೋವು ಅವನ ಪ್ರಾರಬ್ಧವೆಂದೇ ಒಪ್ಪಿದರೂ, ಆ ನೋವಿನ ಮುಂದೆ ಮಾಲೀಕ ಏನು ಮಾಡುತ್ತಾನೆ ಎಂಬುದು ಮಾಲೀಕನದೇ ಆಗಾಮಿ. ಮತ್ತೊಬ್ಬನ ಪ್ರಾರಬ್ಧವನ್ನು ತೋರಿಸಿ ತನ್ನ ಲೆಕ್ಕವನ್ನು ಮುಚ್ಚಲು ಯಾವ ಶಾಸ್ತ್ರವೂ ಅನುಮತಿ ಕೊಡುವುದಿಲ್ಲ.

ತಪ್ಪಿಲ್ಲದೆ ಬರುವ ಹೊಣೆ ಭಾರತೀಯ ಚಿಂತನೆಗೆ ಹೊಸದೂ ಅಲ್ಲ. ಮನುಷ್ಯನಿಗೆ ಹುಟ್ಟಿನಿಂದಲೇ ದೇವಋಣ, ಋಷಿಋಣ, ಪಿತೃಋಣಗಳು ಅಂಟಿಕೊಂಡಿವೆ ಎಂಬ ವೈದಿಕ ಕಲ್ಪನೆಯಲ್ಲಿ ಸಾಲಗಾರನು ಯಾವ ಅಪರಾಧವನ್ನೂ ಮಾಡಿರುವುದಿಲ್ಲ. ಇತರರಿಂದ ಪಡೆದದ್ದೇ ಅವನ ಋಣದ ಮೂಲ. ಉದ್ಯಮದ ಲಾಭವೂ ಹಾಗೆಯೇ ಪಡೆದದ್ದು. ಗರಗಸದ ಹಲ್ಲಿನ ಹತ್ತಿರ ಬೆರಳಿಟ್ಟು ದಿನವಿಡೀ ಮರ ಕೊಯ್ಯುವವನ ಅಪಾಯದಿಂದಲೇ ಆ ಲಾಭ ಬರುವುದಾದರೆ, ಅಪಾಯವು ಗಾಯವಾದ ದಿನ ಸಾಲ ತೀರಿಸುವ ಸರದಿ ಲಾಭ ಪಡೆದವನದು.

ಇದು ಋಣವಾದ್ದರಿಂದಲೇ ಪರಿಹಾರವನ್ನು ದಾನವೆಂದು ಕರೆಯಲಾಗದು. ದಾನದಲ್ಲಿ ಕೊಡುವವನ ಮನಸ್ಸು ಮೊತ್ತವನ್ನು ನಿರ್ಧರಿಸುತ್ತದೆ, ಪಡೆಯುವವನು ಕೃತಜ್ಞನಾಗಿ ತಲೆಬಾಗುತ್ತಾನೆ. "ಮಾನವೀಯತೆಯ ದೃಷ್ಟಿಯಿಂದ" ಇಷ್ಟು ಕೊಡಲಾಗಿದೆ, ಇನ್ನು ಯಾವ ಹಕ್ಕೂ ಉಳಿದಿಲ್ಲ ಎಂದು ಬರೆದ ಕಾಗದಕ್ಕೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ಋಣವನ್ನು ದಾನದ ವೇಷದಲ್ಲಿ ಮುಗಿಸುವ ಪ್ರಯತ್ನವಾಗಿದ್ದು, ಹಕ್ಕು ಬಿಟ್ಟುಕೊಡುವ ಇಂತಹ ಕರಾರನ್ನು 1923ರ ಕಾಯ್ದೆಯ 17ನೇ ಕಲಮು ಶೂನ್ಯವೆಂದು ಸಾರಿತು. ಅದೇ ಕಾಯ್ದೆಯಡಿ ಸಾವಿನ ಪ್ರಕರಣದಲ್ಲಿ ಹಣವನ್ನು ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕಿತ್ತು. ತಿಂಗಳೊಳಗೆ ಸಲ್ಲದಿದ್ದರೆ ಶೇ. 12ರ ಬಡ್ಡಿ ಸೇರುತ್ತಿತ್ತು, ವಿಳಂಬಕ್ಕೆ ಸಮರ್ಥನೆಯಿಲ್ಲದಿದ್ದರೆ ಮೊತ್ತದ ಶೇ. 50ರವರೆಗೆ ದಂಡವೂ ಬೀಳಬಹುದಿತ್ತು. ಬಡ್ಡಿ ಬೆಳೆಯುವುದು ಸಾಲಕ್ಕೆ, ದಾನಕ್ಕಲ್ಲ.

ಅಂಗಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಕಾಯ್ದೆಯ ಅನುಸೂಚಿಯ ಪ್ರಕಾರ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14 ನಷ್ಟ. ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬಾರದ ಸಣ್ಣ ಘಟಕವೊಂದರಲ್ಲಿ 15,000 ರೂಪಾಯಿ ಮಾಸಿಕ ವೇತನದ, 30 ವರ್ಷದ ಕೆಲಸಗಾರನ ತೋರುಬೆರಳು ತುಂಡಾಯಿತೆನ್ನೋಣ; ವೇತನದ ಶೇ. 60ನ್ನು ಆ ವಯಸ್ಸಿನ ಗುಣಕವಾದ 207.98ರಿಂದ ಗುಣಿಸಿ, ಬಂದದ್ದರ ಶೇ. 14 ಎಷ್ಟೆಂದು ಲೆಕ್ಕ ಹಾಕಿದರೆ ಸುಮಾರು 2,62,055 ರೂಪಾಯಿಯಾಗುತ್ತದೆ. ಮಗುವಿಗೆ ತುತ್ತು ಕಲಸುವಾಗ ಆ ಬೆರಳು ಇಲ್ಲದಿರುವುದಕ್ಕೆ ಈ ಲೆಕ್ಕದಲ್ಲಿ ಕಲಮಿಲ್ಲ. ಕಾನೂನು ಅಳೆಯುವುದು ದುಡಿಮೆಯನ್ನು ಮಾತ್ರ, ಮತ್ತು ಅದು ನಿಜವಾದ ಕೊರತೆ. ಆದರೂ ಆ ಅಳತೆಯೊಳಗೇ ಸುಪ್ರೀಂ ಕೋರ್ಟು ಒಂದು ವಿವೇಕವನ್ನು ತೋರಿಸಿತು. 1976ರಲ್ಲಿ ವರದಿಯಾದ ತೀರ್ಪಿನಲ್ಲಿ, ಎಡಗೈಯನ್ನು ಮೊಣಕೈ ಮೇಲಿನವರೆಗೆ ಕಳೆದುಕೊಂಡ ಬಡಗಿಯ ಅಂಗವೈಕಲ್ಯ ಭಾಗಶಃ ಮಾತ್ರ ಎಂಬ ವಾದವನ್ನು ತಳ್ಳಿಹಾಕಿ, ಒಂದೇ ಕೈಯಿಂದ ಬಡಗಿತನ ನಡೆಯದ ಕಾರಣ ಅದು ಸಂಪೂರ್ಣ ನಷ್ಟವೆಂದು ಕೋರ್ಟು ಹೇಳಿತು. ವ್ಯಕ್ತಿಯ ಬದುಕನ್ನು ಅವನ ಕಾಯಕದ ಮೂಲಕ ಕಂಡ ಹನ್ನೆರಡನೆಯ ಶತಮಾನದ ಶರಣರ ದೃಷ್ಟಿಗೆ ಈ ತೀರ್ಮಾನ ಬಹಳ ಹತ್ತಿರದ್ದು.

ದೋಷದ ವಿಚಾರ ಕಾಯ್ದೆಯಿಂದ ಪೂರ್ತಿ ಮರೆಯಾಗಿಲ್ಲ ಎಂಬುದನ್ನೂ ಹೇಳಬೇಕು. ಕುಡಿದ ಅಮಲು, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶದ ಉದ್ದೇಶಪೂರ್ವಕ ಉಲ್ಲಂಘನೆ, ಯಂತ್ರದ ಗಾರ್ಡನ್ನು ಬೇಕೆಂದೇ ತೆಗೆದುಹಾಕುವುದು, ಇವು ಗಾಯಕ್ಕೆ ನೇರ ಕಾರಣವಾಗಿದ್ದರೆ ಮಾಲೀಕ ಹೊಣೆಯಿಂದ ಪಾರಾಗಬಹುದು. ಆದರೆ ಗಾಯವು ಸಾವಿನಲ್ಲಿ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದಲ್ಲಿ ಕೊನೆಗೊಂಡಾಗ ಈ ವಿನಾಯಿತಿ ಮಾಲೀಕನಿಗೆ ಒದಗುವುದಿಲ್ಲ. ಗಾರ್ಡ್ ಬಿಚ್ಚಿದವನು ಸತ್ತ ಕೆಲಸಗಾರನೇ ಆಗಿದ್ದರೂ ಅವನ ಹೆಂಡತಿ ಮಕ್ಕಳಿಗೆ ಪರಿಹಾರ ಸಲ್ಲಲೇಬೇಕು, ಏಕೆಂದರೆ ಆ ಗಾರ್ಡನ್ನು ಅವರು ಬಿಚ್ಚಿರಲಿಲ್ಲ.