ಮೈಲುತುತ್ತದ ಪ್ರಶ್ನೆ

ಹನ್ನೆರಡನೇ ತರಗತಿಯಲ್ಲಿರುವ ಮಗಳು ಮೊನ್ನೆ ರಸಾಯನಶಾಸ್ತ್ರದ ರೆಕಾರ್ಡ್ ಬರೆಯುತ್ತ ಕೇಳಿದಳು: "ಅಪ್ಪಾ, ನೀಲಿ ಹರಳು ನೋಡಿದ ಕೂಡಲೇ ಕಾಪರ್ ಸಲ್ಫೇಟ್ ಅಂತ ಗೊತ್ತಾಗುತ್ತೆ. ಮತ್ತೆ ಇಷ್ಟೊಂದು ಟೆಸ್ಟ್ ಯಾಕೆ? ಮಾಡಿದ್ದೇವೆ ಅಂತ ಬರೆದರೆ ಸಾಲದೆ?"

ನಾವು ತಡವರಿಸಿದೆವು. ಬಿ.ಎಸ್ಸಿ. ಓದುವಾಗ ನಾವೂ ಮೈಲುತುತ್ತವನ್ನು ಕಣ್ಣಿನಲ್ಲೇ ಗುರುತಿಸಿ, ಕಾಸದ ಪ್ರನಾಳದಲ್ಲಿ ಕಾಣದ ಬಣ್ಣ ಕಂಡಿತೆಂದು ಬರೆದು ಪೂರ್ಣ ಅಂಕ ಪಡೆದವರೇ. ಉತ್ತರ ಸರಿ, ವರದಿ ಸುಳ್ಳು. ಉತ್ತರ ಸರಿಯಿದ್ದ ಮೇಲೆ ಸುಳ್ಳಿನಿಂದ ಯಾರಿಗೇನು ನಷ್ಟ? ಕಾಲೇಜಿನಲ್ಲಾದರೆ ನಕ್ಕು ಬಿಡಬಹುದು. ಸರ್ಕಾರದ ಅಪರಾಧ ಪತ್ತೆ ಪ್ರಯೋಗಾಲಯದಲ್ಲಿ ಹಾಗೆ ನಗುವಂತಿಲ್ಲ.

ನಮ್ಮ ದೇಶದಲ್ಲಿ ಈ ಪ್ರಯೋಗಾಲಯಗಳ ಕಥೆ ವಿಷದಿಂದ ಆರಂಭವಾಗುತ್ತದೆ. ಸತ್ತವರ ಹೊಟ್ಟೆಯಲ್ಲಿ ಪಾಷಾಣವಿತ್ತೇ ಎಂದು ನೋಡುವುದಕ್ಕೆ 1849ರಲ್ಲಿ ಮದರಾಸಿನಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಬಂದಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ (ನಮ್ಮಂಥ ಗುಮಾಸ್ತರ ಬೆರಳಚ್ಚಲ್ಲ, ಬೆರಳಿನ ಗುರುತು), 1952ರಲ್ಲಿ ಅಲ್ಲಿಯೇ ಮೊದಲ ರಾಜ್ಯ ಪ್ರಯೋಗಾಲಯ. ನಮ್ಮ ದಿಲ್ಲಿಯ ಕೇಂದ್ರ ಪ್ರಯೋಗಾಲಯ 1968ರಲ್ಲಿ ಸಿ.ಬಿ.ಐ. ಆಡಳಿತದಡಿ ಸ್ಥಾಪನೆಯಾಯಿತು.

ಇವೆಲ್ಲ ಕಳ್ಳನನ್ನು ಹಿಡಿಯುವುದಕ್ಕೆಂದೇ ಇವೆ ಎಂಬುದು ಜನರ ಎಣಿಕೆ. ಆದರೆ ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾದಾಗ ನಡೆದದ್ದೇ ಬೇರೆ. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. ಮೊದಲನೆಯದೂ ಅವನದೇ ಎಂದು ಪೋಲೀಸರು ನಂಬಿದ್ದರು. ಅಲೆಕ್ ಜೆಫ್ರೀಸ್ ಅವರ ಡಿ.ಎನ್.ಎ. ಪರೀಕ್ಷೆ, ಎರಡೂ ಒಬ್ಬನದೇ ಕೃತ್ಯ, ಆದರೆ ಈ ಹುಡುಗನದಲ್ಲ ಎಂದಿತು. ಅಂದರೆ ಆ ಹೊಸ ವಿದ್ಯೆ ಮೊದಲು ಮಾಡಿದ್ದು ನಿರಪರಾಧಿಯನ್ನು ಬಿಡಿಸುವ ಕೆಲಸ. ನಿಜವಾದ ಕೊಲೆಗಾರನಿಗೆ ಶಿಕ್ಷೆಯಾದದ್ದು 1988ರಲ್ಲಿ.

ಇನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರಿ ಪ್ರಯೋಗಾಲಯವನ್ನು ನೋಡಿ. ಅಲ್ಲಿ ಆನಿ ಡೂಕನ್ ಎಂಬ ರಸಾಯನ ತಜ್ಞೆ ಎಲ್ಲರಿಗಿಂತ ಬೇಗ ಕೆಲಸ ಮುಗಿಸುತ್ತಿದ್ದರು. ಹೆಚ್ಚು ಕಡತ ವಿಲೇವಾರಿ ಮಾಡಿದವರನ್ನು ಮೆಚ್ಚುವ ಪದ್ಧತಿ ನಮ್ಮ ಕಚೇರಿಗಳಲ್ಲೂ ಉಂಟಷ್ಟೆ. 2012ರಲ್ಲಿ ಬಯಲಾದದ್ದೇನು? ಎಷ್ಟೋ ಪೊಟ್ಟಣಗಳನ್ನು ಆಕೆ ಕಣ್ಣಿನಿಂದ ನೋಡಿಯೇ ಮಾದಕ ವಸ್ತುವೆಂದು ಬರೆದಿದ್ದರು, ನಮ್ಮ ಮೈಲುತುತ್ತದಂತೆಯೇ! ಅದು ಸಾಲದೆಂದು ಕೆಲವು ಮಾದರಿಗಳನ್ನೂ ಕೆಡಿಸಿದ್ದರು. 2017ರಲ್ಲಿ 21,000ಕ್ಕೂ ಹೆಚ್ಚು ಮೊಕದ್ದಮೆಗಳು ವಜಾ ಆದವು. ಅವುಗಳಲ್ಲಿ ಎಷ್ಟೋ ಪೊಟ್ಟಣಗಳು ನಿಜವಾಗಿ ಮಾದಕ ವಸ್ತುವೇ ಇದ್ದಿರಬಹುದು. ಆದರೆ ಯಾವುದು ನಿಜ, ಯಾವುದು ಸುಳ್ಳು ಎಂದು ಬೇರ್ಪಡಿಸುವ ದಾರಿಯೇ ಉಳಿದಿರಲಿಲ್ಲ. ಅಷ್ಟರಲ್ಲಿ ಅನೇಕರು ಶಿಕ್ಷೆ ಅನುಭವಿಸಿಯೂ ಆಗಿತ್ತು.

ನಮ್ಮಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಸರ್ಕಾರಿ ತಜ್ಞರ ವರದಿಯನ್ನು, ಅವರನ್ನು ಕಟಕಟೆಗೆ ಕರೆಸದೆಯೇ, ಸಾಕ್ಷ್ಯವಾಗಿ ಬಳಸಲು 1973ರ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮಿನಲ್ಲೂ ಅದೇ ಇದೆ. ನ್ಯಾಯಾಲಯ ಬಯಸಿದರೆ ಕರೆಸಬಹುದು, ನಿಜ. ಆದರೆ ವಕೀಲರಿಗೇ ಹಣವಿಲ್ಲದ ಬಡವ ಇನ್ನೊಬ್ಬ ತಜ್ಞನನ್ನು ಎಲ್ಲಿಂದ ತಂದಾನು? ಅವನ ಪಾಲಿಗೆ ಆ ಒಂದು ಹಾಳೆಯೇ ಎಲ್ಲ.

ಹೊಸ ಸಂಹಿತೆ, ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಬೇಕೆಂದೂ ಹೇಳುತ್ತದೆ. ಒಳ್ಳೆಯದೇ, ಜೊತೆಗೆ ಕೆಲಸದ ಹೊರೆಯೂ ಬೆಳೆಯುತ್ತದೆ. ನಮ್ಮ ಮಟ್ಟಿಗೆ, ಪ್ರಯೋಗಾಲಯ ತನಿಖೆ ಮಾಡುವವರ ಕೈಕೆಳಗೆ ಇರಲೇಬಾರದು. ಪೊಟ್ಟಣದ ಜೊತೆ ಬರುವ ಪತ್ರದಲ್ಲಿ ಆರೋಪದ ಕಥೆಯೆಲ್ಲ ಇದ್ದರೆ, ನೋಡುವ ಮೊದಲೇ ಬಣ್ಣ ನೀಲಿಯಾಗಿಬಿಡುತ್ತದೆ.

ಇಷ್ಟನ್ನೂ ಮಗಳಿಗೆ ಹೇಳಿದೆವು. ಅವಳು ಪೆನ್ಸಿಲ್ ಕೆಳಗಿಟ್ಟು, "ಹಾಗಾದರೆ ನಿಮ್ಮ ಆ ಅಂಕ, ಅಪ್ಪಾ?" ಎಂದಳು.